ನಡುರಾತ್ರಿಯ ಎಚ್ಚರ ಮತ್ತು ಆರ್ತಧ್ಯಾನ

ರಾತ್ರಿ ಎರಡು ಗಂಟೆಗೆ ಎಚ್ಚರಗೊಂಡ ಗೃಹಸ್ಥನ ಮನಸ್ಸು ಹಗಲಿಗಿಂತ ವೇಗವಾಗಿ ಓಡುತ್ತದೆ. ವಸೂಲಾಗದ ಬಾಕಿ, ಮಗಳ ಮದುವೆಯ ಖರ್ಚು, ಪಾಲುದಾರನು ಆಡಿದ ಒಂದು ಮಾತು, ಇವೆಲ್ಲ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಎಚ್ಚರವಾಗುವುದು ತಾನೇ ರೋಗವಲ್ಲ. ನಿದ್ರೆಯು ಸುಮಾರು 90 ನಿಮಿಷಗಳ ಆವರ್ತಗಳಲ್ಲಿ ಸಾಗುತ್ತದೆ. ಅವುಗಳ ಸಂಧಿಯಲ್ಲಿ ಕ್ಷಣಕಾಲ ಎಚ್ಚರವಾಗುವುದು ಸಹಜ, ವಯಸ್ಸಾದಂತೆ ಅದು ಹೆಚ್ಚು. ಆ ಕ್ಷಣವನ್ನು ಬೆಳಗಿನ ಜಾವದವರೆಗೆ ಎಳೆಯುವುದು ಚಿಂತೆ.

ಈ ಚಿಂತೆಯನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಪ್ರಕರಣದಲ್ಲಿಯೇ ಸೇರಿಸಿದ್ದಾರೆ. ಧ್ಯಾನವೆಂದರೆ ಶುಭವೇ ಎಂದು ಭಾವಿಸಿದವರಿಗೆ ಇದು ಸೋಜಿಗ. ಅನಿಷ್ಟವು ಒದಗಿತೆಂದು, ಇಷ್ಟವು ಅಗಲಿತೆಂದು, ವೇದನೆಯಿದೆಯೆಂದು, ಮುಂದೆ ಭೋಗ ಬೇಕೆಂದು ಮನಸ್ಸು ಒಂದೇ ಕಡೆ ನೆಡುವುದು ಆರ್ತಧ್ಯಾನ. ಕೂಡಿಟ್ಟದ್ದನ್ನು ಕಾಯುವ ತೀವ್ರ ಚಿಂತೆಯನ್ನಾದರೋ ಹಿಂಸೆ, ಅಸತ್ಯ, ಕಳವುಗಳ ಸಾಲಿನಲ್ಲಿ ರೌದ್ರಧ್ಯಾನವಾಗಿಯೇ ಎಣಿಸಲಾಗಿದೆ. ಮಲಗಿದಲ್ಲಿಯೇ ಗೋದಾಮಿನ ಬೀಗವನ್ನು ಹತ್ತು ಸಲ ಎಳೆದು ನೋಡುವ ವರ್ತಕನು ಇದನ್ನು ನೆನೆಯಬೇಕು. ಅವನಿಗೆ ಏಕಾಗ್ರತೆಯ ಕೊರತೆಯಿಲ್ಲ. ಅದು ಹಿಡಿದ ವಿಷಯ ಸಲ್ಲದ್ದು.

ಆದುದರಿಂದ ಮನಸ್ಸನ್ನು ಬರಿದು ಮಾಡುವ ಪ್ರಯತ್ನ ಫಲಿಸುವುದಿಲ್ಲ. ಬಿಳಿ ಕರಡಿಯನ್ನು ನೆನೆಯಬೇಡಿರೆಂದು ಹೇಳಿಸಿಕೊಂಡವರು ಅದನ್ನೇ ಮತ್ತೆ ಮತ್ತೆ ನೆನೆದರೆಂದು ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ತೋರಿಸಿದರು. ಮನಸ್ಸಿಗೆ ಬೇರೆ ಆಲಂಬನ ಬೇಕು. ಕಾಯೋತ್ಸರ್ಗದ ಕ್ರಮದಲ್ಲಿ ಒಂದು ಣಮೋಕಾರಕ್ಕೆ ಮೂರು ಶ್ವಾಸ: ಮೊದಲನೆಯದರಲ್ಲಿ ಎರಡು ಪದ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಕೊನೆಯದು. ಒಂಬತ್ತು ಸಲಕ್ಕೆ 27 ಶ್ವಾಸ. ನಾಲಿಗೆ ಮಂತ್ರ ಹೇಳುತ್ತಿರಲು ಮನಸ್ಸು ಬಡ್ಡಿ ಲೆಕ್ಕ ಹಾಕುವುದೂ ಉಂಟು, ಇದನ್ನು ಹಿರಿಯರು ಬಲ್ಲರು. ಆನುಪೂರ್ವಿಯ ಕೋಷ್ಟಕಗಳು ಐದು ಪದಗಳನ್ನು 120 ಬಗೆಯಲ್ಲಿ ಅದಲುಬದಲು ಮಾಡುವುದು ಇದಕ್ಕಾಗಿಯೇ. ಕತ್ತಲೆಯಲ್ಲಿ ಪುಸ್ತಕವಿಲ್ಲದಿದ್ದರೆ ಐದರಿಂದ ಒಂದಕ್ಕೆ ಹಿಮ್ಮುಖವಾಗಿ ನೆನೆದರೂ ಸಾಕು.

ಹಾಗಾದರೆ ಪಂಚಪರಮೇಷ್ಠಿಗಳ ಸ್ಮರಣೆಯನ್ನು ನಿದ್ರೆಯ ಗುಳಿಗೆಯಾಗಿ ಬಳಸುವುದು ಉಚಿತವೇ? ನಿದ್ರೆಯು ದರ್ಶನಾವರಣೀಯ ಕರ್ಮದ ಉದಯ. ಅದನ್ನು ಮಂತ್ರದಿಂದ ಬೇಡುವುದು ವಿಚಿತ್ರವೇ ಸರಿ. ಕಾಯೋತ್ಸರ್ಗವೆಂದರೆ ಕಾಯದ ಮೇಲಣ ಮಮತೆಯನ್ನು ಬಿಡುವುದು. ‘ನಿದ್ರೆ ಬಂದಿತೇ’ ಎಂದು ಗಡಿಯಾರ ನೋಡುವವನು ಬಿಟ್ಟಿದ್ದೇನು? ಬಲವಂತ ಮಾಡಿದಷ್ಟೂ ನಿದ್ರೆ ದೂರ ಸರಿಯುತ್ತದೆಂದು ವೈದ್ಯರೂ ಹೇಳುತ್ತಾರೆ. ಸುಮಾರು 20 ನಿಮಿಷ ಕಳೆದರೂ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕುಳಿತಿದ್ದು, ತೂಕಡಿಕೆ ಬಂದಾಗ ಮರಳಬೇಕೆಂಬುದು ಅವರ ಸಲಹೆ. ಫಲವನ್ನು ಬೇಡದೆ ಸ್ಮರಣೆಯಲ್ಲಿ ಕುಳಿತವನಿಗೆ ನಿದ್ರೆ ಬಂದರೆ ಬರಲಿ, ಬಾರದಿದ್ದರೂ ಆ ಹೊತ್ತು ಆರ್ತಧ್ಯಾನಕ್ಕೆ ಹೋಗಲಿಲ್ಲ. ತಿಂಗಳುಗಟ್ಟಲೆ ಹೀಗೆಯೇ ನಡೆದರೆ ವೈದ್ಯರನ್ನು ಕಾಣುವುದರಲ್ಲಿ ಸಂಕೋಚ ಸಲ್ಲದು.

ಇನ್ನೊಂದು ಬಗೆಯ ಎಚ್ಚರವಿದೆ, ಅದನ್ನು ತಣಿಸಲೇಬಾರದು. ಸಂಜೆ ಮೂಟೆಗಳ ಎಣಿಕೆಯಲ್ಲಿ ತಕರಾರು ಬಂದು, ಹಮಾಲಿಯ ಕೂಲಿಯಲ್ಲಿ ಐವತ್ತು ರೂಪಾಯಿ ಮುರಿದುಕೊಂಡು, ಆಮೇಲೆ ಎಣಿಕೆ ತನ್ನದೇ ತಪ್ಪೆಂದು ತಿಳಿದೂ ಸುಮ್ಮನಿದ್ದ ವರ್ತಕನೊಬ್ಬನನ್ನು ಊಹಿಸಬಹುದು. ನಡುರಾತ್ರಿ ಆ ಹಮಾಲಿಯ ಮುಖ ಕಂಡರೆ ಅದು ಮನಸ್ಸಿನ ಚಾಂಚಲ್ಯವಲ್ಲ, ಸಾಲಗಾರನ ನೆನಪು. ಅದನ್ನು ಮಂತ್ರದಿಂದ ಮುಚ್ಚಿ ಮಲಗುವುದು ಕಿರ್ದಿಯಲ್ಲಿ ಒಂದು ಕಲಮನ್ನು ಬಿಟ್ಟು ಶಿಲ್ಕು ತೆಗೆದಂತೆ.

ಸಂಜೆಯ ಪ್ರತಿಕ್ರಮಣಕ್ಕೆ 108 ಶ್ವಾಸಗಳ ಕಾಯೋತ್ಸರ್ಗವನ್ನು ವಿಧಿಸಿದ ಹಿರಿಯರು ದಿನದ ದೋಷಗಳನ್ನು ದಿನವೇ ಆಲೋಚಿಸಬೇಕೆಂದರು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ ನಡೆದು 2018ರಲ್ಲಿ ಪ್ರಕಟವಾದ, 57 ಯುವಜನರ ಮೇಲಿನ ಪ್ರಯೋಗವೊಂದರಲ್ಲಿ, ಮಲಗುವ ಮುನ್ನ ಐದು ನಿಮಿಷ ಮಾಡಬೇಕಾದ ಕೆಲಸಗಳನ್ನು ಬರೆದವರು, ಮುಗಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ 9 ನಿಮಿಷ ಬೇಗ ನಿದ್ರಿಸಿದರು. ಆ ವರ್ತಕನು ದೀಪ ಹಚ್ಚಿ, ಹಮಾಲಿಯ ಹೆಸರನ್ನೂ ಐವತ್ತು ರೂಪಾಯಿಯನ್ನೂ ಒಂದು ಚೀಟಿಯಲ್ಲಿ ಬರೆದು ಅಂಗಡಿಯ ಬೀಗದ ಕೈಗೆ ಕಟ್ಟಿಡಲಿ. ಬೆಳಿಗ್ಗೆ ಬೋಣಿಗೆಯ ಮೊದಲು ಪಾವತಿಯಾಗಬೇಕಾದುದು ಅದು.