ಅವರ ಹಬ್ಬ, ನಮ್ಮ ಖುಷಿ

ಅಕ್ಕನ ಮಗ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. 2023ರ ಡಿಸೆಂಬರಿನಲ್ಲಿ ಹಟ ಹಿಡಿದು ನನ್ನನ್ನು ಕರೆಸಿಕೊಂಡ. ಗೋಕಾಕದ ಚಳಿಗೇ ಕಂಬಳಿ ಹುಡುಕುವ ನನ್ನಂಥವನಿಗೆ ಅಲ್ಲಿಯ ಚಳಿ ಎಂದರೆ ಮೈಗೆ ಸೂಜಿ ಚುಚ್ಚಿದ ಹಾಗೆ. ಮಧ್ಯಾಹ್ನ ನಾಲ್ಕೂವರೆಗೆಲ್ಲ ಕತ್ತಲು. ಜನ ತಲೆ ತಗ್ಗಿಸಿಕೊಂಡು ಮನೆ ಸೇರುವ ಆ ಊರಿನಲ್ಲಿ ಒಂದು ಜಾಗ ಮಾತ್ರ ಝಗಝಗಿಸುತ್ತಿತ್ತು. ಅದು ಹೌಪ್ಟ್‌ಮಾರ್ಕ್ಟ್ ಎಂಬ ದೊಡ್ಡ ಚೌಕ. ಅಲ್ಲಿ ಕ್ರಿಸ್‌ಮಸ್ ಸಂತೆ ಕೂಡಿತ್ತು.

ಸಂತೆ ಎಂದೊಡನೆ ನಮಗೆ ಗುರುವಾರದ ಕಾಯಿಪಲ್ಲೆ ನೆನಪಾಗುತ್ತದೆ. ಇದು ಹಾಗಲ್ಲ, ಇದು ಜಾತ್ರೆ. ಕೆಂಪು ಬಿಳಿ ಪಟ್ಟೆಯ ಬಟ್ಟೆ ಹೊದಿಸಿದ ಕಟ್ಟಿಗೆಯ ಅಂಗಡಿಗಳ ಸಾಲು, ಗಾಜಿನ ಗುಂಡುಗಳು, ಕಟ್ಟಿಗೆಯ ಗೊಂಬೆಗಳು, ಒಣಹಣ್ಣಿನಲ್ಲಿ ಮಾಡಿದ ಪುಟ್ಟ ಮನುಷ್ಯರು. ಹುರಿದ ಬಾದಾಮಿಯ ವಾಸನೆಗೆ ನನ್ನ ಕಾಲು ತಾನಾಗಿ ನಿಂತಿತು. ಈ ಸಂತೆಗೆ 1628ರಷ್ಟು ಹಳೆಯ ಕುರುಹು ಸಿಕ್ಕಿದೆಯಂತೆ. ಬಿಜಾಪುರದಲ್ಲಿ ಆದಿಲಶಾಹಿಗಳು ಇನ್ನೂ ಆಳುತ್ತಿದ್ದ ಕಾಲ ಅದು. ಲೆಬ್‌ಕುಖನ್ ಎಂಬ ಅಲ್ಲಿಯ ರೊಟ್ಟಿಯಂಥ ಸಿಹಿ ತಿಂದಾಗ ದಾಲ್ಚಿನ್ನಿ, ಲವಂಗ, ಏಲಕ್ಕಿ ನಾಲಗೆಗೆ ಹತ್ತಿದವು. ಮಸಾಲೆ ವ್ಯಾಪಾರದಿಂದ ಹೆಸರಾದ ಪಟ್ಟಣ ಅದು. ನಮ್ಮ ಕಡಲ ತೀರದ ಸರಕು ಅಲ್ಲಿ ಹೋಗಿ ಅವರ ಹಬ್ಬದ ರುಚಿಯಾಗಿದೆ. ಗೋಕಾಕದ ಕರದಂಟು ಇದಕ್ಕಿಂತ ಮೇಲು ಎಂದು ನಾನು ಅಂದೆ. ಹುಡುಗ ನಕ್ಕ.

ಅಲ್ಲಿ ಬಿಸಿ ಮಾಡಿದ ದ್ರಾಕ್ಷಾರಸದ ಮದ್ಯವನ್ನು ಎಲ್ಲರೂ ಕುಡಿಯುತ್ತಾರೆ. ನಮಗಾಗಿ ಹುಡುಗ ಮಕ್ಕಳಿಗೆಂದು ಮಾಡಿದ ಹಣ್ಣಿನ ಪಾನಕ ತಂದ. ಅದೂ ಬಿಸಿ, ಅದಕ್ಕೂ ಅದೇ ಮಸಾಲೆ. ಪಿಂಗಾಣಿ ಬಟ್ಟಲಿಗೆ ಡಿಪಾಜಿಟ್ ಕಟ್ಟಬೇಕು, ಬಟ್ಟಲು ತಿರುಗಿ ಕೊಟ್ಟರೆ ಹಣ ವಾಪಸ್. ಎರಡೂ ಕೈಯಿಂದ ಬಟ್ಟಲು ಹಿಡಿದು ನಿಂತಿದ್ದಾಗ ಅವನು ಮೆಲ್ಲಗೆ ಕೇಳಿದ: "ಮಾಮು, ಖರೇ ಹೇಳ್ರಿ, ಇಲ್ಲಿ ಬಂದು ಖುಷಿ ಪಡೋದು ತಪ್ಪೇನ್ರಿ?"

ಅವನು ನಮಾಜು ತಪ್ಪಿಸದ ಹುಡುಗ. ಅವನ ಫೋನಿಗೆ ಯಾರೋ ಬೋಧಕರ ಭಾಷಣ ಬಂದಿತ್ತು. ಕ್ರಿಸ್‌ಮಸ್ಸಿನ ಶುಭಾಶಯ ಹೇಳುವುದೂ ಈಮಾನಿಗೆ ಧಕ್ಕೆ ಎಂಬುದು ಅದರ ಸಾರ. ಅವನ ಜೊತೆ ಕೆಲಸ ಮಾಡುವವರು ಈ ಸಂತೆಗೆ ಕರೆದಿದ್ದರು, ಹೋಗಿದ್ದ, ಖುಷಿಪಟ್ಟಿದ್ದ, ರಾತ್ರಿ ನಿದ್ದೆ ಬಂದಿರಲಿಲ್ಲ.

ನಾನು ಕತೆ ಬರೆಯುವವನು, ಮುಫ್ತಿಯಲ್ಲ. ಆದರೂ ಉರ್ದು ಶಾಲೆಯಲ್ಲಿ ಕಲಿತದ್ದಷ್ಟನ್ನು ಹೇಳಿದೆ. ಪರಧರ್ಮೀಯರ ಹಬ್ಬಗಳಲ್ಲಿ ಸೇರಬಾರದೆಂದು ವಾದಿಸಿದ ದೊಡ್ಡ ವಿದ್ವಾಂಸರಿದ್ದಾರೆ. ಇಬ್ನ್ ತೈಮಿಯಾ ಅದಕ್ಕೆಂದೇ ಒಂದು ಗ್ರಂಥ ಬರೆದರು. ಅದನ್ನು ಹಗುರ ಮಾಡಬಾರದು. ಇನ್ನೊಂದು ಕಡೆ, ಯುರೋಪಿನಲ್ಲಿ ನೆಲೆಸಿದ ಮುಸ್ಲಿಮರ ಪ್ರಶ್ನೆಗಳಿಗೆಂದೇ 1997ರಲ್ಲಿ ಸ್ಥಾಪನೆಯಾದ ಯುರೋಪಿಯನ್ ಫತ್ವಾ ಮಂಡಳಿ ನೆರೆಯವರಿಗೆ ಹಬ್ಬದ ಶುಭ ಕೋರಬಹುದು ಎಂದಿದೆ. ನಮ್ಮೊಡನೆ ಕಾದಾಡದವರಿಗೆ ಒಳ್ಳೆಯದು ಮಾಡುವುದನ್ನು ಅಲ್ಲಾಹನು ತಡೆದಿಲ್ಲ ಎಂಬ ಆಯತ್ತು ಅದರ ಆಧಾರ. ಈಸಾ ಅಲೈಹಿಸ್ಸಲಾಂ ಹುಟ್ಟಿದ ಕತೆಯೇ ನಮ್ಮ ಕುರ್‌ಆನಿನಲ್ಲಿದೆ, ಮರಿಯಮ್ಮನವರ ಹೆಸರಿನ ಒಂದು ಅಧ್ಯಾಯವೇ ಇದೆ. ಅಲ್ಲಿ ಆ ತಾಯಿ ಒಬ್ಬಳೇ ಖರ್ಜೂರದ ಮರದ ಬುಡದಲ್ಲಿ ಹೆರಿಗೆಯ ನೋವು ತಿನ್ನುತ್ತಾಳೆ, ಹಿಮವಿಲ್ಲ, ಕೊಟ್ಟಿಗೆಯಿಲ್ಲ. ದೇವರ ಮಗ ಎಂಬುದನ್ನು ನಾವು ಒಪ್ಪುವುದಿಲ್ಲ. ಆದರೆ ಹುಟ್ಟಿದ ಕೂಸಿನ ಸಂತೋಷವನ್ನು ಒಪ್ಪದಿರುವುದು ಹೇಗೆ? ಇನ್ನೂ ಒಂದು ನೆನಪಾಯಿತು. ಒಂದು ಈದಿನ ದಿನ ಅಬಿಸೀನಿಯದವರು ಮಸೀದಿಯಲ್ಲೇ ಈಟಿ ಗುರಾಣಿ ಹಿಡಿದು ಆಡಿದಾಗ ಪ್ರವಾದಿಯವರು ತಡೆಯಲಿಲ್ಲ. ಆಯಿಷಾ ಅವರು ತಮ್ಮ ಹೆಗಲ ಹಿಂದೆ ನಿಂತು ದಣಿಯುವವರೆಗೂ ನೋಡಲು ಬಿಟ್ಟರು. ಪರನಾಡಿನವರ ಆಟ, ನಮ್ಮ ಹಬ್ಬ.

ಹುಡುಗನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಅವನಿಗೆ ಹೇಳಿದ್ದು ಸುಳ್ಳಲ್ಲ, ಆದರೆ ಅವನ ಪ್ರಶ್ನೆಯ ಅರ್ಧಕ್ಕೆ ಮಾತ್ರ ಅದು ಉತ್ತರ. ಖುಷಿಪಡಬಹುದೇ ಎಂಬುದು ಸುಲಭದ ಅರ್ಧ. ಆ ಖುಷಿ ಯಾರದು, ಅದರಲ್ಲಿ ನಮಗೆ ಜಾಗ ಕೊಡುವವರು ಯಾರು ಎಂಬುದು ಕಠಿಣದ್ದು.

ಅದು ಹೊಳೆದದ್ದು ಚೌಕದ ಅಂಚಿನಲ್ಲಿ. ಸಂತೆಗೆ ಬರುವ ದಾರಿಗಳಿಗೆ ಅಡ್ಡಗಟ್ಟುಗಳನ್ನು ಇಟ್ಟಿದ್ದರು. 2016ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಇಂಥದೇ ಸಂತೆಗೆ ಟ್ಯುನೀಷಿಯದ ಒಬ್ಬ ಲಾರಿ ನುಗ್ಗಿಸಿ ಜನರನ್ನು ಕೊಂದ ಮೇಲೆ ಇಂಥ ಕಾವಲು ಎಲ್ಲೆಡೆ ಬಂತು. ಅವನು ಕೊಂದದ್ದು ನಮ್ಮ ಧರ್ಮದ ಹೆಸರಿನಲ್ಲಿ. ಅವುಗಳ ಪಕ್ಕ ಹಾಯುವಾಗ ಅಕ್ಕನ ಸೊಸೆ ತಲೆಯ ಸ್ಕಾರ್ಫು ಸರಿಮಾಡಿಕೊಂಡದ್ದನ್ನು ಕಂಡೆ. ಯಾರೂ ಏನೂ ಅನ್ನಲಿಲ್ಲ, ಒಬ್ಬ ಮುದುಕಿ ನಕ್ಕು ದಾರಿ ಬಿಟ್ಟಳು. ಆದರೂ ಆ ಕೈ ತಾನಾಗಿ ತಲೆಗೆ ಹೋಯಿತು. ಮರುವರ್ಷ, 2024ರಲ್ಲಿ, ಮ್ಯಾಗ್ಡೆಬರ್ಗಿನ ಸಂತೆಗೆ ಕಾರು ನುಗ್ಗಿಸಿ ಆರು ಜನರ ಸಾವಿಗೆ ಕಾರಣನಾದವನು ಸೌದಿಯಲ್ಲಿ ಹುಟ್ಟಿದ ವೈದ್ಯ. ಇಸ್ಲಾಂ ಬಿಟ್ಟು ಅದನ್ನೇ ಬೈದುಕೊಂಡು ತಿರುಗುತ್ತಿದ್ದವನು. ಅದು ಗೊತ್ತಾಗುವ ಮುನ್ನವೇ ಹುಡುಗನಿಗೆ ಅಂಜಿಕೆ ಶುರುವಾಗಿತ್ತು. ಆ ವಾರ ಅವರಿಬ್ಬರೂ ಸಂತೆಗೆ ಹೋಗಲಿಲ್ಲ.

ಅದೇ ಊರಿನ ಇನ್ನೊಂದು ಸಂಗತಿ ಕೇಳಿ. ನ್ಯೂರೆಂಬರ್ಗಿನ ಸಂತೆಯನ್ನು ಪ್ರತಿ ವರ್ಷ ಉದ್ಘಾಟಿಸುವುದು ಕ್ರಿಸ್ತ್‌ಕಿಂಡ್, ಅಂದರೆ ಕೂಸು ಕ್ರಿಸ್ತನ ವೇಷದ, ಬಂಗಾರದ ಗುಂಗುರು ಕೂದಲಿನ ಒಬ್ಬ ಹುಡುಗಿ. ಎರಡು ವರ್ಷಕ್ಕೊಮ್ಮೆ ಊರಿನವರೇ ಆರಿಸುತ್ತಾರೆ. 2019ರಲ್ಲಿ ಆರಿಸಿ ಬಂದವಳು ಬೆನಿಗ್ನಾ ಮುನ್ಸಿ. ಆ ಊರಲ್ಲೇ ಹುಟ್ಟಿದವಳು, ತಂದೆ ಭಾರತ ಮೂಲದವರು. ವಲಸೆ ವಿರೋಧಿ ಎಎಫ್‌ಡಿ ಪಕ್ಷದ ಒಂದು ಶಾಖೆ ಅವಳ ಬಣ್ಣ ಹಿಡಿದು ವ್ಯಂಗ್ಯ ಮಾಡಿತು. ಊರು ಅವಳ ಬೆನ್ನಿಗೆ ನಿಂತಿತು, ಪಕ್ಷ ತನ್ನ ಮಾತನ್ನು ಅಳಿಸಿತು. ಆ ಕತೆ ಕೇಳಿ ನನಗೆ ಖುಷಿಯಾದದ್ದು ಸಂತೆಯ ದೀಪಗಳಿಗಿಂತ ಹೆಚ್ಚು. ಅವಳು ಹಬ್ಬ ನೋಡಲು ಬಂದವಳಲ್ಲ, ಹಬ್ಬದಲ್ಲಿ ಅವಳಿಗೊಂದು ಕೆಲಸವಿತ್ತು.

ಆದರೆ ಅದೇ ಚೌಕದ ನೆಲದಡಿ ಬೇರೆ ಕತೆ. 1349ರವರೆಗೆ ಅಲ್ಲಿ ಯಹೂದಿಗಳ ಕೇರಿಯಿತ್ತು. ಚಕ್ರವರ್ತಿ ನಾಲ್ಕನೆಯ ಚಾರ್ಲ್ಸನ ಒಪ್ಪಿಗೆಯಿಂದ ಕೇರಿಯನ್ನು ಕೆಡವಲಾಯಿತು, ಐನೂರಕ್ಕೂ ಹೆಚ್ಚು ಜನ ಸತ್ತರು. ಅವರ ಪ್ರಾರ್ಥನಾ ಮಂದಿರವಿದ್ದ ಜಾಗದಲ್ಲಿ ಇಂದಿನ ಚರ್ಚು ನಿಂತಿದೆ, ಅದರ ಮುಂದೆ ಈ ಸಂತೆ. ನೆರೆಯವರನ್ನು ಹೊರದೂಡಿದ ಜಾಗದಲ್ಲೂ ಹಬ್ಬ ಬಲು ಚೆಂದವಾಗಿ ನಡೆಯಬಲ್ಲದು. ಇದನ್ನು ಪರದೇಶದ ಕತೆಯೆಂದು ಓದಿ ಬಿಡಲು ನನಗೆ ಆಗುತ್ತಿಲ್ಲ.

ನನ್ನ ಅಬ್ಬಾ ಬಳೆ ಮಾರುತ್ತಿದ್ದರು. ಮೂಡಲಗಿಯ ಶಿವಬೋಧರಂಗರ ಜಾತ್ರೆ, ಹುಕ್ಕೇರಿ ಹಿರೇಮಠದ ದಸರೆ, ಐದು ವರ್ಷಕ್ಕೊಮ್ಮೆ ಬರುವ ಗೋಕಾಕದ ಗ್ರಾಮದೇವತೆಯ ಜಾತ್ರೆ, ಎಲ್ಲ ಕಡೆ ಅವರ ಅಂಗಡಿ ಇರುತ್ತಿತ್ತು. ರಜೆಯಲ್ಲಿ ನಾನೂ ಜೊತೆಗೆ. ಹೊನ್ನಾಟದ ದಿನ ಹಾರಿದ ಭಂಡಾರದಿಂದ ನಮ್ಮ ಬಳೆಯ ಪೆಟ್ಟಿಗೆಗಳೂ ಅಬ್ಬಾನ ಬಿಳಿ ಟೋಪಿಯೂ ಹಳದಿಯಾಗುತ್ತಿದ್ದವು. ರಾತ್ರಿ ಟೋಪಿ ಕೊಡವಿ ನಮಾಜಿಗೆ ನಿಲ್ಲುತ್ತಿದ್ದರು. ದೇವಿಗೆ ಉಡಿ ತುಂಬಲು ಹಸಿರು ಬಳೆ ಬೇಕು, ಅದನ್ನು ಒಯ್ಯುವುದು ನಮ್ಮ ಅಂಗಡಿಯಿಂದ. ಬಳೆ ಇಡಿಸಿಕೊಳ್ಳಲು ಬಂದ ಹೆಣ್ಣುಮಕ್ಕಳು "ಅಣ್ಣಾ, ಬಿಗಿ ಆತು" ಅನ್ನುವರು, ಬಳೆ ಇಟ್ಟಾದ ಮೇಲೆ ಬಳೆಗೆ ನಮಸ್ಕಾರ ಮಾಡುವರು. ಪರಗಂಡಸಿನ ಕೈಗೆ ತಮ್ಮ ಕೈ ಕೊಡಲು ಆ ಹೆಣ್ಣುಮಕ್ಕಳು ಒಪ್ಪಿದ್ದ ಒಬ್ಬನೇ ಗಂಡಸು ಬಳೆಗಾರ. ಅವನು ತವರಿನ ಲೆಕ್ಕದಲ್ಲಿದ್ದ.

ಅಬ್ಬಾ ದೇವಿಗೆ ಕೈಮುಗಿಯಲಿಲ್ಲ. ಮುಗಿಯಬೇಕೆಂದು ಯಾರೂ ಕೇಳಲಿಲ್ಲ. ಖುಷಿಪಟ್ಟರೇ? ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಾರದು. ಜಾತ್ರೆಗೆ ಅವರು ಬೇಕಿತ್ತು, ಅವರಿಗೆ ಜಾತ್ರೆ ಬೇಕಿತ್ತು. ನ್ಯೂರೆಂಬರ್ಗಿನಲ್ಲಿ ನಾನು ಗಿರಾಕಿ. ದುಡ್ಡು ಕೊಟ್ಟೆ, ಬಾದಾಮಿ ತಿಂದೆ, ಬಂದೆ. ನಾನು ಹೋಗದಿದ್ದರೆ ಅಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ.

ಮೊಹರಮ್ಮಿನಲ್ಲಿ ಇದರ ತಿರುವು. ನಮ್ಮ ಭಾಗದ ಅಲಾಯಿ ಹಬ್ಬದಲ್ಲಿ ಪಂಜಾ ಹೊತ್ತವರು, ರಿವಾಯತ ಪದ ಕಟ್ಟಿ ಹಾಡಿದವರು, ಹೆಜ್ಜೆ ಹಾಕಿದವರು ಹೆಚ್ಚಿನಂಶ ಮುಸ್ಲಿಮೇತರರು. ನಮ್ಮದೇ ಜಿಲ್ಲೆಯ ಸವದತ್ತಿ ಬಳಿಯ ಹಿರೇಬಿದನೂರಿನಲ್ಲಿ ಒಂದೂ ಮುಸ್ಲಿಂ ಮನೆಯಿಲ್ಲ, ಮೊಹರಮ್ ಮಾತ್ರ ಐದು ದಿನ ನಡೆಯುತ್ತದೆ. ಗೋಕಾಕ ಸೀಮೆಯ ಸಾವಳಗಿಯ ಶಿವಲಿಂಗೇಶ್ವರರಿಗೂ ಕಲಬುರ್ಗಿಯ ಬಂದೇ ನವಾಜರಿಗೂ ಸ್ನೇಹವಿತ್ತೆಂದು ಜನ ಈಗಲೂ ಹೇಳುತ್ತಾರೆ. ಕಾಲದ ಲೆಕ್ಕ ಹಾಕುವ ಇತಿಹಾಸಕಾರರು ಏನನ್ನುತ್ತಾರೋ, ಜನಕ್ಕೆ ಆ ಸ್ನೇಹ ಬೇಕಾಗಿದೆ.

ಇದನ್ನೆಲ್ಲ ಹೇಳಿ ನಮ್ಮ ಸೌಹಾರ್ದ ಎಷ್ಟು ದೊಡ್ಡದು ಎಂದು ಬೆನ್ನು ತಟ್ಟಿಕೊಳ್ಳುವುದು ಸುಲಭ. ಭಾಷಣಗಳಲ್ಲಿ ನಾನೂ ತಟ್ಟಿಕೊಂಡಿದ್ದೇನೆ. ಆದರೆ 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲವೆಂದಾಯಿತು. ಆಮೇಲೆ ಅದು ಬೇರೆ ಜಾತ್ರೆಗಳಿಗೂ ಹಬ್ಬಿತು. ಧರ್ಮಾದಾಯ ದತ್ತಿಗಳ 1997ರ ಕಾಯ್ದೆಯಡಿ 2002ರಲ್ಲಿ ಮಾಡಿದ ಒಂದು ನಿಯಮವನ್ನು ಅಂದಿನ ಸರ್ಕಾರ ವಿಧಾನಸಭೆಯಲ್ಲಿ ಎತ್ತಿ ತೋರಿಸಿತು. ಆ ವರ್ಷ ನಮ್ಮ ಕಡೆಯ ಒಂದು ಸಣ್ಣ ಜಾತ್ರೆಗೆ ನನ್ನ ಚಿಕ್ಕಪ್ಪನ ಮಗ ಬಳೆ ಹೊತ್ತು ಹೋದ. "ಈ ಸಲ ಬ್ಯಾಡಪ್ಪಾ, ಮುಂದಿನ ಸಲ ನೋಡೋಣು" ಅಂದವರು ಅವನ ಅಂಗಡಿಯಲ್ಲೇ ಮಗಳಿಗೆ ಮದುವೆಯ ಬಳೆ ಇಡಿಸಿದವರು. ದನಿ ತಗ್ಗಿಸಿ ಹೇಳಿದರಂತೆ. ಅದಕ್ಕೇ ಅವನಿಗೆ ಹೆಚ್ಚು ನೋವಾಯಿತು.

ಇಷ್ಟು ಬರೆದು ನಿಲ್ಲಿಸಿದರೆ ನಾನು ಅರ್ಧ ಸತ್ಯ ಬರೆದ ಹಾಗೆ. ಅದಕ್ಕೂ ಎಷ್ಟೋ ಮೊದಲು ನಾವೂ ಕೈ ಹಿಂದಕ್ಕೆ ಎಳೆದುಕೊಂಡಿದ್ದೆವು. ನಮ್ಮ ಓಣಿಯಲ್ಲಿ ಅಲಾಯಿ ಕೂಡಿಸುವುದು ಬಿದ್‌ಅತ್ ಎಂದು ಹೇಳಿ ನಿಲ್ಲಿಸಿದವರು ಹೊರಗಿನವರಲ್ಲ, ನಮ್ಮವರೇ. ಪಂಜಾ ಹೊರಲು ಹರಕೆ ಹೊತ್ತು ಬರುತ್ತಿದ್ದ ಕುರುಬರ ಅಜ್ಜ ಆ ವರ್ಷ ಬಂದು ಬಾಗಿಲಲ್ಲಿ ನಿಂತಿದ್ದ. ಅವನಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಹೊಸದಾಗಿ ಪಟ್ಟಣದಲ್ಲಿ ಓದಿ ಬಂದಿದ್ದ ನಾನು, ಇದೆಲ್ಲ ಮೂಢನಂಬಿಕೆ, ಹೋಗಲಿ ಬಿಡಿ ಎಂದಿದ್ದೆ. ಜಾತ್ರೆಯ ಪ್ರಸಾದವನ್ನು ಮನೆಗೆ ತಂದುಕೊಟ್ಟವರ ಮುಂದೆ ತೆಗೆದುಕೊಂಡು, ಅವರು ಹೋದ ಮೇಲೆ ಆಕಳಿಗೆ ಹಾಕುವುದನ್ನು ನಾವು ಕಲಿತದ್ದೂ ಆ ವರ್ಷಗಳಲ್ಲೇ. ಈಮಾನಿನ ಪ್ರಶ್ನೆ ದೊಡ್ಡದು, ನಾನು ನಗೆಯಾಡುವುದಿಲ್ಲ. ಯಾರಿಗೆ ತಿನ್ನಲು ಮನಸ್ಸು ಒಪ್ಪುವುದಿಲ್ಲವೋ ಅವರು ತಿನ್ನದಿರಲಿ. ಆದರೆ ನ್ಯೂರೆಂಬರ್ಗಿನ ಹಬ್ಬಕ್ಕೆ ಆಯತ್ತು ಹದೀಸು ಹುಡುಕಿ ದಾರಿ ಮಾಡಿಕೊಟ್ಟ ನಾನು ಆ ಅಜ್ಜನ ಸಲುವಾಗಿ ಒಂದನ್ನೂ ಹುಡುಕಿರಲಿಲ್ಲ.

ವಾಪಸು ಬರುವಾಗ ಒಂದು ಬಟ್ಟಲನ್ನು ತಿರುಗಿ ಕೊಡದೆ ತಂದೆ, ಡಿಪಾಜಿಟ್ ಹೋಯಿತು. ಅಬ್ಬಾಗೆ ಈಗ ಕಣ್ಣು ಮಂಜು. ಬಟ್ಟಲನ್ನು ಕೈಯಲ್ಲಿ ಹಿಡಿದು ಸವರಿ ನೋಡಿದರು. ಲೆಬ್‌ಕುಖನ್ ತಿನ್ನುವ ಮೊದಲು ಇದರಲ್ಲಿ ಬೇಡದ್ದೇನೂ ಇಲ್ಲ ತಾನೇ ಎಂದು ಅಮ್ಮ ಎರಡು ಸಲ ಕೇಳಿದಳು. ಆ ಜಾತ್ರೆಯಲ್ಲಿ ಗಾಜಿನ ಸಾಮಾನು ಇರುತ್ತದೆಯೇ ಎಂದು ಅಬ್ಬಾ ಕೇಳಿದರು. ಇರುತ್ತದೆ, ಸಾಲು ಸಾಲು ಅಂಗಡಿ, ಬಣ್ಣದ ಗುಂಡುಗಳು ಎಂದೆ. ಆ ಅಂಗಡಿಗಳಲ್ಲಿ ಯಾವ ಜನ ಕೂತಿದ್ದರು, ಹಳಬರೋ ಹೊರಗಿನಿಂದ ಬಂದವರೋ, ಅವರಿಗೆ ವ್ಯಾಪಾರ ಹೇಗಿತ್ತು ಎಂದು ಕೇಳಿದರು.

ನಾನು ಅದನ್ನು ನೋಡಿರಲಿಲ್ಲ.