ಮುಟ್ಟಿಸಿಕೊಳ್ಳುವ ಸಂತೋಷ

ಗೋಧಿಗಾಗಿ, ಹಾಲಿನಪುಡಿಗಾಗಿ ಮತ ಬಿಟ್ಟವರು ಎಂಬ ಬೈಗುಳವನ್ನು ನಮ್ಮ ಕೇರಿಗಳು ತಲೆಮಾರುಗಳಿಂದ ಕೇಳುತ್ತ ಬಂದಿವೆ. ಬೀದರ ಸೀಮೆಯಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳಿಂದ ದೀಕ್ಷಾಸ್ನಾನ ಪಡೆದವರು ಬಹುಪಾಲು ಅಸ್ಪೃಶ್ಯರು, ಅದರಲ್ಲೂ ಮಾದಿಗರು. ಬೈದವರಲ್ಲಿ ಒಬ್ಬರೂ ಈ ಮಂದಿ ಹಸಿದದ್ದು ಯಾಕೆ ಎಂದು ಕೇಳಲಿಲ್ಲ. ಅದಿರಲಿ. ಇವತ್ತು ನಾವು ಎತ್ತುವ ಪ್ರಶ್ನೆ ಬೇರೆ.

ಹುಮನಾಬಾದ ಹತ್ತಿರದ ಹುಡಗಿಯಂಥ ಊರು (ಊರ ಹೆಸರು ಅದು, ಕೊಂಬು ಸೇರಿಸಿ ಓದಬೇಡ್ರಿ). ಅಲ್ಲಿ ಮೆಥೊಡಿಸ್ಟ್ ಮನೆಯಲ್ಲಿ ಬೆಳೆದ ಒಬ್ಬ ಹುಡುಗ ಕಥೊಲಿಕನಾದ ಎಂದುಕೊಳ್ಳೋಣ. ಅವನಿಗೆ ಏನು ಸಿಕ್ಕಿತು? 1950ರ ರಾಷ್ಟ್ರಪತಿ ಆದೇಶ ಕ್ರೈಸ್ತ ದಲಿತನನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಇವರಿಗೆ ತೆರೆಯಲಿಲ್ಲ. ಕರ್ನಾಟಕದಲ್ಲಿ ಇವರು ಪ್ರವರ್ಗ-1. ಮೆಥೊಡಿಸ್ಟನಾದರೂ ಅದೇ, ಕಥೊಲಿಕನಾದರೂ ಅದೇ. ತಹಶೀಲ್ದಾರರ ಕಚೇರಿಯಲ್ಲಿ ಒಂದು ಕಾಗದವೂ ಅಲುಗಾಡುವುದಿಲ್ಲ. (ಕಾಗದದ ಮೇಲೆ ಹಿಂದೂ ಅಂತಲೇ ಉಳಿದವರೂ ಇದ್ದಾರೆ. ಅವರನ್ನು ದೂರುವ ಹಕ್ಕು ನಮಗಿಲ್ಲ.) ಅಂದಮೇಲೆ ಇಲ್ಲಿ ಆಮಿಷದ ಮಾತೇ ಏಳುವುದಿಲ್ಲ. ಯಾಕ ಹೋದಿ ಅಂತ ಕೇಳಿದರೆ ‘ಮನಸ್ಸಿಗೆ ಖುಷಿ ಆಗ್ತದ’ ಎಂಬ ಒಂದೇ ಉತ್ತರ. ಈ ಖುಷಿಯನ್ನು ನಾವು ಏನೆಂದು ತೂಗಬೇಕು?

ಚಳವಳಿಯವರಿಗೆ ತಕ್ಷಣ ಹೊಳೆಯುವುದು ಪುರೋಹಿತಶಾಹಿ. ಮೇಣದ ಬತ್ತಿ, ಧೂಪ, ನಿಲುವಂಗಿ, ಮೂರ್ತಿ, ಮೆರವಣಿಗೆ: ಅಜ್ಜ ಬಿಟ್ಟುಬಂದದ್ದಕ್ಕೇ ಮೊಮ್ಮಗ ಹೋಗಿ ಬಿದ್ದ ಅಂತಾರ. ಅಜ್ಜನಿಗೆ ಪ್ರಾಟೆಸ್ಟಂಟರು ಕೊಟ್ಟದ್ದು ಸಣ್ಣದಲ್ಲ. ಪುಸ್ತಕ ಕೊಟ್ಟರು. ದೇವರ ಮಾತನ್ನು ನೀನೇ ಓದು ಅಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ, 1894ರಲ್ಲಿ ಕಿಟ್ಟೆಲರ ನಿಘಂಟು ಬಂದದ್ದೂ ಪ್ರಾಟೆಸ್ಟಂಟರಾದ ಬಾಸೆಲ್ ಮಿಶನ್ನಿನವರ ದುಡಿಮೆಯಿಂದಲೇ. ಅಕ್ಷರ ಮುಟ್ಟಬಾರದು ಎನಿಸಿಕೊಂಡವನ ಕೈಗೆ ಪುಸ್ತಕ ಬಂದದ್ದು ಒಂದು ಬಂಡಾಯವೇ.

ಆದರೆ ಅಸ್ಪೃಶ್ಯತೆ ಅಕ್ಷರಕ್ಕಷ್ಟೇ ಹಾಕಿದ ಬೇಲಿಯಲ್ಲ. ಅದು ಮೈಗೆ ಹಾಕಿದ ಬೇಲಿ. ನೀರನ್ನು ಮೇಲಿನಿಂದ ಸುರಿದರು, ಕೂಲಿಯನ್ನು ಎಸೆದರು, ನೆರಳಿಗೂ ಅಂಜಿದರು. ಅಂಥ ಮೈ ಬಲಿಪೂಜೆಯಲ್ಲಿ ಮೊಣಕಾಲೂರುತ್ತದೆ. ಫಾದರ್ ಪ್ರಸಾದವನ್ನು ಎಸೆಯುವುದಿಲ್ಲ, ನಾಲಿಗೆಯ ಮೇಲೆ ಇಡುತ್ತಾರೆ. ಬೂದಿ ಬುಧವಾರದ ದಿನ ಹಣೆ ಮುಟ್ಟಿ ಬೂದಿ ಹಚ್ಚುತ್ತಾರೆ, ಸಾಯುವ ಮಂಚದಲ್ಲಿ ಕೈಗೂ ಹಣೆಗೂ ಎಣ್ಣೆ ಸವರುತ್ತಾರೆ. ಮೆಥೊಡಿಸ್ಟರಲ್ಲೂ ರೊಟ್ಟಿ, ದ್ರಾಕ್ಷಾರಸ ಇವೆ, ನಿಜ. ಆದರೆ ಅಲ್ಲಿ ಯಜಮಾನಿಕೆ ಮಾತಿನದು, ಇಲ್ಲಿ ಮೈಯದು. ಮತ್ತೆ ಸತ್ತವರಿದ್ದಾರೆ. ನವೆಂಬರ್ 2ರಂದು ಕಥೊಲಿಕರು ಸಮಾಧಿಗಳಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸುತ್ತಾರೆ. ದೀಕ್ಷೆ ಇಲ್ಲದೆ ಸತ್ತ ಮುತ್ತಜ್ಜಿಯ ಹೆಸರನ್ನೂ ಅವ ಅಲ್ಲಿ ನೆನೆಯಬಹುದು. ಈ ಸಂತೋಷವನ್ನು ಮೌಢ್ಯವೆಂದು ಒಂದೇ ಮಾತಿನಲ್ಲಿ ತಳ್ಳುವ ಧೈರ್ಯ ನಮಗಿಲ್ಲ.

ಹಾಗಂತ ಸಂತೋಷವೇ ಸತ್ಯಕ್ಕೆ ಸಾಕ್ಷಿಯಲ್ಲ. ಜೀತದವನಿಗೆ ಹಬ್ಬದ ದಿನ ಧಣಿ ಕೊಟ್ಟ ಬೆಲ್ಲವೂ ಸಿಹಿಯೇ. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ, ಕ್ರೈಸ್ತನಾದ ಬ್ರಾಹ್ಮಣ ಜನಿವಾರ ಇಟ್ಟುಕೊಳ್ಳಬಹುದೆಂದು ಅಪ್ಪಣೆ ಕೊಟ್ಟ. ಪ್ರಾಟೆಸ್ಟಂಟ್ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಯೊಳಗೆ ಜಾತಿ ಕೂಡದು ಎಂದು ಕಟ್ಟುನಿಟ್ಟಾಗಿ ಬರೆದ. ತಿರುಚಿರಾಪಳ್ಳಿಯ ಮೇಲಪುದೂರಿನ ಕಥೊಲಿಕ ಸ್ಮಶಾನದಲ್ಲಿ ದಲಿತರ ಹೆಣಕ್ಕೂ ಮೇಲುಜಾತಿಯ ಹೆಣಕ್ಕೂ ನಡುವೆ ಗೋಡೆ ಎದ್ದಿತು. ನಾಲಿಗೆಗೆ ಪ್ರಸಾದ, ಹೆಣಕ್ಕೆ ಗೋಡೆ! ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಭಾರತದ ಕಥೊಲಿಕ ಬಿಷಪರ ಮಂಡಳಿ 2016ರಲ್ಲಿ ತಾನೇ ಒಪ್ಪಿಕೊಂಡಿತು. ಭಾರತದ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆರ್ಚ್‌ಬಿಷಪ್ ಆಂತೋನಿ ಪೂಲ ಬಂದದ್ದು 2022ರಲ್ಲಿ.

ಆದ್ದರಿಂದ ಆ ಹುಡುಗನಿಗೆ ನಾವು ಕೇಳುವುದು ಇಷ್ಟು: ನಿನ್ನ ಸಂತೋಷ ಆ ಗೋಡೆಯನ್ನು ನಿನಗೆ ಕಾಣಿಸುತ್ತದೆಯೋ, ಮರೆಸುತ್ತದೆಯೋ?

ಅಮೆರಿಕದ ಡೊರೊತಿ ಡೇ ನೆನಪಾಗುತ್ತಾಳೆ. ಹುಡುಗಿಯಾಗಿದ್ದಾಗ ಎಪಿಸ್ಕೋಪಲ್ ಸಭೆಯಲ್ಲಿ ದೀಕ್ಷೆ ಪಡೆದು, ಆಮೇಲೆ ಎಡಪಂಥದ ಪತ್ರಿಕೆಗಳಲ್ಲಿ ದುಡಿದವಳು. 1926ರಲ್ಲಿ ಮಗಳು ಹುಟ್ಟಿದಳು. ಆ ಖುಷಿಯನ್ನು ಯಾರಿಗೆ ಒಪ್ಪಿಸಬೇಕೆಂದು ಹುಡುಕುತ್ತ 1927ರಲ್ಲಿ ಕಥೊಲಿಕಳಾದಳು. ಧರ್ಮವನ್ನು ಒಪ್ಪದ ಅರಾಜಕತಾವಾದಿ ಸಂಗಾತಿಯನ್ನು ಅದಕ್ಕಾಗಿ ಕಳೆದುಕೊಂಡಳು. ಆ ಸಂತೋಷ ಅವಳನ್ನು ಮಲಗಿಸಲಿಲ್ಲ. 1933ರಲ್ಲಿ ಪೀಟರ್ ಮಾರಿನ್ ಜೊತೆ ‘ಕ್ಯಾಥೊಲಿಕ್ ವರ್ಕರ್’ ಪತ್ರಿಕೆ ಹೊರಡಿಸಿದಳು. 1973ರಲ್ಲಿ, 75ರ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಕೃಷಿಕೂಲಿಗಳ ಜೊತೆ ನಿಂತು ಬಂಧನಕ್ಕೊಳಗಾದಳು. ಅವಳನ್ನು ಬಿಟ್ಟ ಸಂಗಾತಿಯ ಜಾಗದಲ್ಲಿ ಇವತ್ತು ನಾವಿದ್ದೇವೆ, ಗೆಳೆಯರೆ. ಖುಷಿಯ ಕಾರಣಕ್ಕೇ ಒಬ್ಬನನ್ನು ಚಳವಳಿಯಿಂದ ದೂರ ಮಾಡಿದರೆ ನಾವೂ ಒಂದು ಗೋಡೆ ಕಟ್ಟಿದ ಹಾಗೆಯೇ.

ಇನ್ನು ಅವನ ಮನೆ. ‘ನಾವು ಕೊಟ್ಟ ಬೈಬಲ್ ಸಾಕಾಗಲಿಲ್ಲೇನೋ ತಮ್ಮಾ’ ಎಂದು ಅವ್ವ ಕೇಳಿದರೆ ಅವನಲ್ಲಿ ಸುಲಭದ ಉತ್ತರವಿಲ್ಲ. ನಮ್ಮಲ್ಲೂ ಇಲ್ಲ. ಅವ ಆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡೇ ಪೂಜೆಗೆ ಹೋಗಲಿ. ಸ್ಮಶಾನದಲ್ಲಿ ಯಾರನ್ನು ಎಲ್ಲಿ ಹೂಳುತ್ತಾರೆ ಎಂದು ಫಾದರನ್ನು ಕೇಳಲಿ. ಪಾಸ್ಟರನ್ನೂ ಕೇಳಲಿ.