ಗುಣವೆಂಬ ಎಳೆ

‘ಗುಣ’ ಎಂಬ ಸಂಸ್ಕೃತ ಪದದ ಹಳೆಯ ಅರ್ಥಗಳಲ್ಲೊಂದು ಹಗ್ಗದ ಎಳೆ, ನೂಲು. ಬಿಲ್ಲಿನ ಹೆದೆಗೂ ಇದೇ ಹೆಸರುಂಟು. ಎರಡೆಳೆ ಹೊಸೆದರೆ ದ್ವಿಗುಣ, ಮೂರೆಳೆಯಾದರೆ ತ್ರಿಗುಣ. ಹೀಗೆ ಎಳೆ ಎಣಿಸುವ ಮಾತು ಇಮ್ಮಡಿ, ಮುಮ್ಮಡಿ ಎಂಬ ಲೆಕ್ಕದ ಮಾತಾಯಿತು. ಗುಣ್ಯ, ಗುಣಕ, ಗುಣಲಬ್ಧಗಳೆಲ್ಲ ಅಲ್ಲಿಂದ ಬಂದವು. 2, 4, 8, 16 ಎಂದು ಬೆಳೆಯುವ ಸಾಲಿಗೆ ಶಾಲೆಯ ಗಣಿತದಲ್ಲಿ ಗುಣೋತ್ತರ ಶ್ರೇಢಿ ಎಂದು ಹೆಸರು. ಕನ್ನಡದ ಮಕ್ಕಳು ಬಾಯಿಪಾಠ ಮಾಡುವ ಕಾಗುಣಿತದಲ್ಲೂ ಇರುವುದು ಇದೇ ಗುಣಿತ: ‘ಕ’ ಎಂಬ ಒಂದಕ್ಷರ ಸ್ವರಗಳೊಡನೆ ಕೂಡಿ ಕಾ, ಕಿ, ಕೀ ಎಂದು ಹಲವಾಗುತ್ತದೆ.

ವ್ಯಾಕರಣದಲ್ಲಿ ಪಾಣಿನಿ ಅ, ಏ, ಓ ಎಂಬ ಮೂರು ಸ್ವರಗಳಿಗೆ ಗುಣವೆಂದು ಸಂಜ್ಞೆ ಕೊಟ್ಟ. ಸುರ, ಇಂದ್ರ ಸೇರಿ ಸುರೇಂದ್ರವಾಗುವುದು ಗುಣಸಂಧಿ ಎನಿಸಿಕೊಂಡದ್ದು ಇದರಿಂದ. ಕಾವ್ಯಮೀಮಾಂಸೆಯಲ್ಲಿ ಗುಣವೆಂದರೆ ಮಾಧುರ್ಯ, ಓಜಸ್ಸು, ಪ್ರಸಾದ ಮೊದಲಾದವು. ದಂಡಿ ಹತ್ತನ್ನು ಹೇಳಿದರೆ ಆನಂದವರ್ಧನ ಅವನ್ನು ಮೂರಕ್ಕೆ ಇಳಿಸಿದ.

ಆಡುಮಾತಿನಲ್ಲಿ ಈ ಪದ ಮನುಷ್ಯರ ಸ್ವಭಾವವನ್ನು ಹೇಳುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಗಾದೆಯಲ್ಲಿರುವುದು ಆ ಅರ್ಥ. ಮಣ್ಣಿನ ಗುಣ, ನೀರಿನ ಗುಣ ಎನ್ನುವಾಗ ಅದು ವಸ್ತುವಿನ ಲಕ್ಷಣ. ಜ್ವರ ಗುಣವಾಯಿತು ಎಂದರೆ ವಾಸಿಯಾಯಿತು ಎಂದು. ಆಯುರ್ವೇದ ಗುರು–ಲಘು, ಶೀತ–ಉಷ್ಣ, ಸ್ನಿಗ್ಧ–ರೂಕ್ಷ ಎಂದು ಹತ್ತು ಜೋಡಿಗಳಲ್ಲಿ ಇಪ್ಪತ್ತು ಗುಣಗಳನ್ನು ಹೆಸರಿಸುತ್ತದೆ. ದೇಹದಲ್ಲಿ ಹೆಚ್ಚಿದ ಗುಣವನ್ನು ಅದಕ್ಕೆ ಎದುರಾದ ಗುಣವುಳ್ಳ ಆಹಾರ, ಮದ್ದುಗಳಿಂದ ತಗ್ಗಿಸುವುದು ಅಲ್ಲಿನ ಚಿಕಿತ್ಸೆಯ ಮುಖ್ಯ ತತ್ತ್ವ.

ತತ್ತ್ವಶಾಸ್ತ್ರಕ್ಕೆ ಬಂದಾಗ ಪದದ ಹೊರೆ ಹೆಚ್ಚುತ್ತದೆ. ವೈಶೇಷಿಕರ ಪ್ರಕಾರ ಗುಣವು ದ್ರವ್ಯವನ್ನು ಆಶ್ರಯಿಸಿಕೊಂಡೇ ಇರುವಂಥದು; ತನ್ನಷ್ಟಕ್ಕೆ ಅದು ನಿಲ್ಲಲಾರದು. ಹೂವಿಲ್ಲದೆ ಹೂವಿನ ಕೆಂಪಿಲ್ಲ. ಕಣಾದ ಹೇಳಿದ ಹದಿನೇಳು ಗುಣಗಳಿಗೆ ಪ್ರಶಸ್ತಪಾದ ಏಳನ್ನು ಸೇರಿಸಿ 24 ಮಾಡಿದ. ರೂಪ, ರಸ, ಗಂಧಗಳ ಜೊತೆಗೆ ಸುಖ, ದುಃಖ, ಇಚ್ಛೆ, ಧರ್ಮ, ಅಧರ್ಮಗಳೂ ಈ ಪಟ್ಟಿಯಲ್ಲಿವೆ. ಸಂಖ್ಯೆಯೂ ಒಂದು ಗುಣವೇ. ಆದರೆ ಗುಣದಲ್ಲಿ ಇನ್ನೊಂದು ಗುಣ ನೆಲೆಸದು ಎಂಬುದು ಈ ದರ್ಶನದ ಕಟ್ಟುಪಾಡು. ಹಾಗಿದ್ದರೆ ‘ಇಪ್ಪತ್ತನಾಲ್ಕು ಗುಣ’ ಎಂದು ಎಣಿಸುವುದಾದರೂ ಹೇಗೆ? ಆ ಎಣಿಕೆ ಎಲ್ಲಿ ನೆಲೆಸೀತು? ಇದು ಬರಿಯ ಮಾತಿನ ಕೊಕ್ಕೆಯಲ್ಲ. ನವ್ಯನ್ಯಾಯದ ರಘುನಾಥ ಶಿರೋಮಣಿ ಸಂಖ್ಯೆಯನ್ನು ಗುಣಗಳಿಂದ ಹೊರತೆಗೆದು ಬೇರೆಯೇ ಪದಾರ್ಥವೆಂದು ಸಾರಿದ.

ಸಾಂಖ್ಯರ ಸತ್ತ್ವ, ರಜಸ್ಸು, ತಮಸ್ಸುಗಳು ಈ ಅರ್ಥದ ಗುಣಗಳಲ್ಲ. ಅವು ಪ್ರಕೃತಿಗೆ ಅಂಟಿದ ಲಕ್ಷಣಗಳಲ್ಲ. ಪ್ರಕೃತಿ ಎಂದರೆ ಅವೇ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯಲ್ಲಿ ಸತ್ತ್ವ ಹಗುರವಾಗಿ ಬೆಳಗುವಂಥದು, ರಜಸ್ಸು ಚಲಿಸುವ ಮತ್ತು ಚಲಿಸುವಂತೆ ಮಾಡುವಂಥದು, ತಮಸ್ಸು ಭಾರವಾಗಿ ಮುಚ್ಚುವಂಥದು. ಎಣ್ಣೆ, ಬತ್ತಿ, ಉರಿ ಒಂದಕ್ಕೊಂದು ವಿರುದ್ಧವಾದರೂ ಕೂಡಿ ಬೆಳಕು ಕೊಡುವ ದೀಪದಂತೆ ಇವು ಕೆಲಸ ಮಾಡುತ್ತವೆ. ಹದಿನಾರನೆಯ ಶತಮಾನದ ವಿಜ್ಞಾನಭಿಕ್ಷು ಇನ್ನೂ ಸ್ಪಷ್ಟವಾಗಿ ಇವನ್ನು ದ್ರವ್ಯಗಳೆಂದೇ ಕರೆದ. ಪುರುಷನನ್ನು ಪಶುವಿನಂತೆ ಕಟ್ಟಿಹಾಕುವ ಹಗ್ಗ ಇವುಗಳಿಂದ ಆದದ್ದರಿಂದ ಗುಣವೆಂಬ ಹೆಸರು ಸಂದಿದೆ ಎಂದ. ಎಳೆ ಎಂಬ ಮೊದಲಿನ ಅರ್ಥ ಇಲ್ಲಿ ಮತ್ತೆ ಜೀವ ಪಡೆಯುತ್ತದೆ. ಗೀತೆಯ ಹದಿನಾಲ್ಕನೆಯ ಅಧ್ಯಾಯವೂ ಈ ಮೂರು ಗುಣಗಳು ದೇಹಿಯನ್ನು ಕಟ್ಟುತ್ತವೆ ಎಂದೇ ಹೇಳುತ್ತದೆ. ಸಾತ್ತ್ವಿಕ ಎಂದರೆ ಬರಿಯ ಸಾಧುಸ್ವಭಾವ ಎಂಬ ಇಂದಿನ ಬಳಕೆ ಇದನ್ನು ಮರೆಸುತ್ತದೆ: ಸತ್ತ್ವವೂ ಒಂದು ಕಟ್ಟೇ.

ವೇದಾಂತದ ದೊಡ್ಡ ಪ್ರಶ್ನೆ ಹುಟ್ಟುವುದು ಇಲ್ಲಿ. ಶ್ವೇತಾಶ್ವತರೋಪನಿಷತ್ತು ದೇವನನ್ನು ನಿರ್ಗುಣನೆನ್ನುತ್ತದೆ. ಅದೇ ಅಧ್ಯಾಯದಲ್ಲಿ ಆತನಿಗೆ ಸಹಜವಾದ ಜ್ಞಾನ, ಬಲ, ಕ್ರಿಯೆಗಳುಂಟು ಎಂದೂ ಹೇಳುತ್ತದೆ. ಎರಡೂ ನಿಜವಾಗುವುದು ಹೇಗೆ? ಇಲ್ಲವೆಂದದ್ದು ಯಾವ ಗುಣ ಎಂದು ಕೇಳದೆ ಇದಕ್ಕೆ ಉತ್ತರವಿಲ್ಲ. ಶಂಕರರ ಓದಿನಲ್ಲಿ ನಿಷೇಧ ಪೂರ್ಣವಾದದ್ದು. ಬ್ರಹ್ಮಕ್ಕೆ ಒಂದು ವಿಶೇಷಣ ಅಂಟಿದರೂ ಹೊಂದಿದ್ದು, ಹೊಂದಿದವನು ಎಂಬ ಭೇದ ಬಂದು ಅದ್ವೈತ ನಿಲ್ಲದು. ಗುಣಗಳನ್ನು ಹೇಳುವ ವಾಕ್ಯಗಳು ಉಪಾಸನೆಗಾಗಿ ಬಂದವು. ರಾಮಾನುಜರ ಪ್ರಕಾರ ನಿರ್ಗುಣವೆಂದರೆ ಹೇಯಗುಣಗಳಿಲ್ಲದ್ದು. ಕಲ್ಯಾಣಗುಣಗಳಿಗಾದರೋ ಆತ ಕೊನೆಯಿಲ್ಲದ ನೆಲೆ. ಉಡುಪಿಯ ಮಧ್ವರ ಪಾಲಿಗೆ ನಿರ್ಗುಣವೆಂಬುದು ಪ್ರಕೃತಿಯ ಮೂರು ಗುಣಗಳನ್ನು ಮಾತ್ರ ತಳ್ಳಿಹಾಕುವ ಮಾತು. ಬ್ರಹ್ಮ ಎಂಬ ಪದವೇ ಗುಣಪೂರ್ಣತೆಯನ್ನು ಹೇಳುತ್ತದೆ. ಅಂದರೆ ಅದ್ವೈತಿ ಅಲ್ಲಗಳೆಯುವುದು ವಿಶೇಷಣ ಎಂಬ ವಿಶಾಲ ಅರ್ಥದ ಗುಣವನ್ನು, ಮಾಧ್ವರು ಅಲ್ಲಗಳೆಯುವುದು ಸಾಂಖ್ಯರ ಹಗ್ಗವನ್ನು. ಹಾಗೆಂದು ಇದು ಪದದ ಅರ್ಥದ ತಕರಾರಷ್ಟೇ ಎಂದು ತಳ್ಳಿಬಿಡುವಂತಿಲ್ಲ. ಭಕ್ತನ ಕೂಗನ್ನು ಕೇಳುವ ದಯೆ ಪರತತ್ತ್ವದಲ್ಲಿ ಕೊನೆಯವರೆಗೂ ಉಳಿಯುತ್ತದೆಯೇ, ಅಥವಾ ದಾರಿಯ ನಡುವಿನ ಒಂದು ಮೆಟ್ಟಿಲೇ ಎಂಬುದು ಈ ಒಂದು ಪದದ ಅರ್ಥವನ್ನು ನಂಬಿ ನಿಂತಿದೆ. ದಯೆ ಉಳಿಯುತ್ತದೆ ಎನ್ನುವವರು ಮೇಲುಕೋಟೆಯಲ್ಲಿ, ಉಡುಪಿಯಲ್ಲಿ ದೇವರ ಗುಣಗಳನ್ನು ಹಾಡುತ್ತಾರೆ. ಮೆಟ್ಟಿಲೆನ್ನುವ ಶೃಂಗೇರಿಯಲ್ಲೂ ಶಾರದೆಯ ನಿತ್ಯಪೂಜೆ ನಡೆಯುತ್ತದೆ, ಏಕೆಂದರೆ ಸಗುಣದ ಉಪಾಸನೆಯಿಂದ ಚಿತ್ತ ಶುದ್ಧವಾಗದೆ ನಿರ್ಗುಣದ ಅರಿವು ಮೂಡದು ಎಂಬುದು ಅಲ್ಲಿನ ಸಿದ್ಧಾಂತ.